ಹಗೆಯ ಹಿರಿಮೆ: ತೋವಿನಕೆರೆ ಸೀಮೆಯ ಕುರುಕ್ಷೇತ್ರ ನಾಟಕಗಳು
ತೋವಿನಕೆರೆಯಿಂದ ಮೊದಲ್ಗೊಂಡು ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳವರೆಗೆ ಹಬ್ಬಿರುವ ಬಯಲುನಾಡಿನಲ್ಲಿ, ರಾಗಿಯ ಕೊಯ್ಲು ಮುಗಿದು, ಕಣದ ಕೆಲಸ ತೀರಿ, ಜಾತ್ರೆಗಳ ಕಾಲ ಬಂದೊಡನೆ ಊರೂರಿನಲ್ಲಿಯೂ ಪೌರಾಣಿಕ ನಾಟಕಗಳು ಆರಂಭವಾಗುತ್ತವೆ. ಅವುಗಳಲ್ಲಿ ಅಗ್ರಪೂಜೆ ಸಲ್ಲುವುದು ‘ಕುರುಕ್ಷೇತ್ರ’ಕ್ಕೆ. ಹಗಲೆಲ್ಲ ಹೊಲದಲ್ಲಿ ದುಡಿದ ಒಕ್ಕಲಿಗ, ಅಂಗಡಿಯವ, ಬಸ್ಸಿನ ಚಾಲಕ, ಶಾಲೆಯ ಉಪಾಧ್ಯಾಯ ಇವರೆಲ್ಲ ತಮ್ಮ ಕೈಯಿಂದಲೇ ಹಣ ತೆತ್ತು ಪಾತ್ರಗಳನ್ನು ಪಡೆದು, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದಪದ್ಯಗಳನ್ನೂ ಹಾಡುಗಳನ್ನೂ ಕಂಠಸ್ಥ ಮಾಡಿ, ಬಾಡಿಗೆಗೆ ತಂದ ಸೀನರಿಯ ಮುಂದೆ ಒಂದು ರಾತ್ರಿ ಚಕ್ರವರ್ತಿಗಳಾಗುತ್ತಾರೆ. ವಿದ್ವಾಂಸರು ಇದನ್ನು ಹವ್ಯಾಸವೆಂದು ಕರೆದು ಮುಂದೆ ಸಾಗುವುದುಂಟು. ಆದರೆ ಸ್ಪರ್ಧೆ, ಸೇಡು, ನಿಜವಾದ ಬಲ ಎಂಬ ಮೂರು ಗಹನವಾದ ವಿಷಯಗಳನ್ನು ಒಂದು ಜನಸಮುದಾಯ ವರ್ಷವರ್ಷವೂ ಬೆಳಗಿನವರೆಗೆ ಕುಳಿತು ಆಲೋಚಿಸುವ ಸ್ಥಳ ಇದಲ್ಲದೆ ಬೇರೊಂದು ಇಲ್ಲಿಲ್ಲವಾದುದರಿಂದ, ಈ ಕಲೆಯನ್ನು ಗೌರವದಿಂದಲೂ ನಿಷ್ಠುರತೆಯಿಂದಲೂ ಪರಿಶೀಲಿಸುವುದು ಯುಕ್ತವೆಂದು ನಾನು ತಿಳಿಯುತ್ತೇನೆ.

ಈ ನಾಟಕದ ರಕ್ತದಲ್ಲಿ ಎರಡು ವಂಶಗಳು ಬೆರೆತಿವೆ. ಒಂದು ಮೂಡಲಪಾಯದ ಬಯಲಾಟ: ಭಾಗವತನ ಪದ, ಮುಖವೀಣೆಯ ಎಳೆತ, ಮದ್ದಳೆಯ ಗುಡುಗು, ಕಿರೀಟ ಭುಜಕೀರ್ತಿಗಳ ಭಾರವನ್ನು ಹೊತ್ತು ರಂಗಕ್ಕೆ ನುಗ್ಗುವ ವೇಷ, ‘ನೀನಾರು?’ ಎಂದು ಕೇಳುವ ಸಾರಥಿ. ಮತ್ತೊಂದು ಕಂಪನಿ ನಾಟಕ. 1884ರಲ್ಲಿ ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು, ಗುಬ್ಬಿ ವೀರಣ್ಣನವರ ಕಾಲದಲ್ಲಿ, 1934ರಲ್ಲಿ, ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ನಿಜವಾದ ಆನೆ ಕುದುರೆಗಳೊಡನೆ ಆಡಿ ತೋರಿಸಿದ ಮೇಲೆ, ಆ ವೈಭವದ ನೆನಪು ಹಳ್ಳಿಗಳ ಕಲ್ಪನೆಯಲ್ಲಿ ಬಹುಕಾಲ ಉಳಿಯಿತು. ವೇಷದ ಅಬ್ಬರ ಮೊದಲನೆಯದರಿಂದ ಬಂದಿತು. ಪರದೆ, ಹಾರ್ಮೋನಿಯಂ, ‘ಒನ್ಸ್ ಮೋರ್’ ಎರಡನೆಯದರಿಂದ.

ಆದರೆ ಈ ನಾಟಕಗಳ ಆತ್ಮ ಇನ್ನೂ ಪ್ರಾಚೀನವಾದುದು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿಯೂ, ಭಾರತದಲ್ಲಿ ಯಾರನ್ನು ನೆನೆಯಬೇಕೆಂಬ ಪ್ರಶ್ನೆ ಬಂದಾಗ ಆ ಅರ್ಜುನನ ಪ್ರತಿಸ್ಪರ್ಧಿಯಾದ ಕರ್ಣನ ಕಡೆಗೆ ಕೈ ತೋರಿಸಿದನು, ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನನು ತನ್ನ ಒಡೆಯನಾದ ಸತ್ಯಾಶ್ರಯನನ್ನು ಭೀಮನನ್ನಾಗಿ ಮಾಡಿ ‘ಸಾಹಸಭೀಮ ವಿಜಯ’ವನ್ನು ಕಟ್ಟಿಯೂ, ಓದಿ ಮುಗಿಸಿದವನ ಮನಸ್ಸಿನಲ್ಲಿ ಎದ್ದು ನಿಲ್ಲುವಂತೆ ಮಾಡಿದುದು ದುರ್ಯೋಧನನನ್ನು. ಗೆದ್ದವನ ಅನ್ನವನ್ನುಂಡು ಸೋತವನ ಹಿರಿಮೆಯನ್ನು ಹಾಡಿದ ಈ ಇಬ್ಬರು ಕವಿಗಳ ಧೈರ್ಯಕ್ಕೆ ಸಮಾನವಾದುದನ್ನು ನಾನು ಬೇರೆಲ್ಲಿಯೂ ಸುಲಭವಾಗಿ ಕಾಣಲಾರೆ.

ಆ ಧೈರ್ಯ ಇಂದಿನ ಹಳ್ಳಿಯ ರಂಗಕ್ಕೂ ಇಳಿದುಬಂದಿದೆ. ಪಾತ್ರಗಳನ್ನು ಹಂಚುವ ದಿನ ಹೆಚ್ಚಿನ ಹಣಕ್ಕೆ ಹೋಗುವುದು ಧರ್ಮರಾಯನ ಪಾತ್ರವಲ್ಲ, ಅರ್ಜುನನದೂ ಅಲ್ಲ. ಕೃಷ್ಣನೊಡನೆ ಸರಿಗಟ್ಟಿ ನಿಲ್ಲುವುದು ದುರ್ಯೋಧನನ ಪಾತ್ರ. ಊರಿನಲ್ಲಿ ಒಳ್ಳೆಯ ಕಂಠವುಳ್ಳವನೂ ಆಳೆತ್ತರದ ಅಂಗಸೌಷ್ಠವವುಳ್ಳವನೂ ಅದನ್ನೇ ಬಯಸುತ್ತಾನೆ. ಕರ್ಣನ ಪಾತ್ರಕ್ಕೂ ಇಂಥದೇ ಆದರ. ಪ್ರತಿಸ್ಪರ್ಧಿಯು ಕುಗ್ಗಿದರೆ ಕಥೆಯೇ ಕುಗ್ಗುವುದೆಂಬ ಕಾವ್ಯತತ್ತ್ವವನ್ನು, ಅಲಂಕಾರಶಾಸ್ತ್ರದ ಹೆಸರನ್ನೂ ಕೇಳದ ಜನ, ತಮ್ಮ ಗಂಟಿನ ಹಣದಿಂದ ಸಮರ್ಥಿಸಿದ್ದಾರೆ. ಸ್ಪರ್ಧೆಯ ಚಿತ್ರಣದಲ್ಲಿ ಈ ಸಂಪ್ರದಾಯಕ್ಕೆ ನಾನು ಪೂರ್ಣ ಮನ್ನಣೆ ಕೊಡುತ್ತೇನೆ.

ಸೇಡಿನ ವಿಷಯದಲ್ಲಿ ಮಾತ್ರ ಮನ್ನಣೆಯೂ ಆಕ್ಷೇಪವೂ ಬೆರೆಯಬೇಕಾಗುವುದು. ಶಕುನಿಯನ್ನು ನೋಡಿ. ಸೆರೆಯಲ್ಲಿ ಅನ್ನವಿಲ್ಲದೆ ಸತ್ತ ತಂದೆಯ ಎಲುಬಿನಿಂದ ದಾಳಗಳನ್ನು ಮಾಡಿಕೊಂಡು, ಕೌರವರ ಹಿತೈಷಿಯ ಸೋಗಿನಲ್ಲಿ ಅವರ ಕುಲವನ್ನೇ ಅಳಿಸಲು ಹೊಂಚಿದವನೀತ ಎಂಬ ಕಥೆ ವ್ಯಾಸಭಾರತದಲ್ಲಿಲ್ಲ, ಜನಪದದ ಸೃಷ್ಟಿ. ಈ ಒಂದು ಕಲ್ಪನೆಯಿಂದ ಕುಹಕಿಯೊಬ್ಬನು ದುರಂತಪಾತ್ರವಾಗಿ ಏರುತ್ತಾನೆ. ಆತನು ಕುಂಟುತ್ತ ನಗುತ್ತ ದಾಳಗಳನ್ನು ಎತ್ತಿ ತೋರಿಸಿ ತನ್ನ ಗುಟ್ಟನ್ನು ಸಭೆಗೆ ಮಾತ್ರ ಒಪ್ಪಿಸುವಾಗ, ಕಡಲೆಕಾಯಿ ಬಿಡಿಸುತ್ತಿದ್ದ ಕೈಗಳು ಸಹ ನಿಲ್ಲುವುದನ್ನು ನಾನು ಕಂಡಿದ್ದೇನೆ. ಆದರೆ ಸೇಡಿನ ಮೂಲವೇ ಆದ ದ್ರೌಪದಿ? ಆ ಪಾತ್ರಕ್ಕೆ ಬರುವ ಕಲಾವಿದೆ ವೃತ್ತಿಯವಳು. ಬಹುಮಟ್ಟಿಗೆ ಆಟದ ಸಂಜೆಗೇ ಬೇರೆ ಊರಿನಿಂದ ಬಂದಿಳಿಯುವವಳು. ತಿಂಗಳುಗಟ್ಟಲೆ ಅಭ್ಯಾಸ ನಡೆಸಿದ ಗಂಡಸರ ಜತೆಗೆ ಆಕೆ ಒಂದು ದಿನವೂ ಸೇರಿ ಕಲಿತಿರುವುದಿಲ್ಲ. ಬಿಚ್ಚಿದ ಮುಡಿಯ ಶಪಥ ಆಕೆಯ ಬಾಯಿಂದ ಬಿರುಸಾಗಿಯೇ ಬರುತ್ತದೆ, ಆದರೆ ಅದಕ್ಕೆ ಉತ್ತರ ಕೊಡಬೇಕಾದ ಭೀಮನ ಕಣ್ಣು ಆ ಹೊತ್ತಿನಲ್ಲಿ ಹಾರ್ಮೋನಿಯಂ ಮೇಷ್ಟ್ರ ಮೇಲಿರುತ್ತದೆ. ದೋಷ ಕಲಾವಿದೆಯದಲ್ಲ, ಹೆಣ್ಣಿನ ಅವಮಾನದಿಂದ ಹೊತ್ತಿದ ಕಥೆಯಲ್ಲಿ ಹೆಣ್ಣಿಗೆ ಅಭ್ಯಾಸದ ಅವಕಾಶವನ್ನೇ ಕೊಡದ ವ್ಯವಸ್ಥೆಯದು.

ಇನ್ನು ನಿಜವಾದ ಬಲದ ಪ್ರಶ್ನೆ ಏಳಬೇಕಾದ ಗದಾಯುದ್ಧ. ಮಧ್ಯರಾತ್ರಿಯವರೆಗೆ ಒಂದೊಂದು ಹಾಡಿಗೂ ಬಂಧುಮಿತ್ರರು ರಂಗವೇರಿ ಹಾರ ಹಾಕಿ, ನೋಟಿನ ಮಾಲೆ ತೊಡಿಸಿ ಕಾಲವನ್ನು ಕಳೆದ ಫಲವಾಗಿ, ವೈಶಂಪಾಯನ ಸರೋವರದ ದೃಶ್ಯ ಬರುವಷ್ಟರಲ್ಲಿ ಪೂರ್ವದಿಕ್ಕು ಬೆಳ್ಳಗಾಗಿರುತ್ತದೆ. ತೊಡೆಗೆ ಬಿದ್ದ ಏಟು ಯುದ್ಧನಿಯಮಕ್ಕೆ ವಿರುದ್ಧವಾದುದೆಂಬ ಸಂಗತಿಯನ್ನೂ, ಅದನ್ನು ಕಂಡ ಬಲರಾಮನ ಕೋಪವನ್ನೂ ಒತ್ತಿ ಹೇಳಿದ ಪ್ರಯೋಗಗಳು ವಿರಳ. ದುರ್ಯೋಧನ ಬೀಳುತ್ತಾನೆ, ಧರ್ಮರಾಜ್ಯ ಸ್ಥಾಪನೆಯಾಗುತ್ತದೆ, ಮಂಗಳ ಹಾಡುತ್ತಾರೆ. ಗೆದ್ದವನಿಗೆ ಏನಾಯಿತು? ಈ ಪ್ರಶ್ನೆಯನ್ನು ನಮ್ಮ ರಂಗ ಕೇಳುವುದೇ ಇಲ್ಲ. ಇದರ ಬಹು ದೊಡ್ಡ ಕೊರತೆ ಇದೇ.

ದೂರದ ಜಪಾನಿನಲ್ಲಿ ಇದೇ ಪ್ರಶ್ನೆಯನ್ನು ಕೇಳಿದ ಚಿತ್ರಕಥೆಯೊಂದುಂಟು. 1645ರಲ್ಲಿ ತೀರಿಕೊಂಡ ಖಡ್ಗವೀರ ಮಿಯಾಮೊಟೊ ಮುಸಾಶಿಯ ಬಾಳನ್ನು ಯೋಶಿಕಾವಾ ಎಯ್‌ಜಿ 1935ರಿಂದ ಪತ್ರಿಕೆಯಲ್ಲಿ ಕಾದಂಬರಿಯಾಗಿ ಬರೆದನು; ಅದನ್ನು ಆಧರಿಸಿ ಇನೊವೆ ತಾಕೆಹಿಕೊ 1998ರಲ್ಲಿ ‘ವ್ಯಾಗಬಾಂಡ್’ ಎಂಬ ಮಾಂಗಾವನ್ನು ಆರಂಭಿಸಿದನು. ಲೋಕದಲ್ಲಿ ತನ್ನನ್ನು ಮೀರಿಸುವವನಿರಬಾರದೆಂದು ಹೊರಟ ಮುಸಾಶಿ, ತಮ್ಮ ಗುರುಗಳ ಸಾವಿಗೆ ಸೇಡು ತೀರಿಸಲು ಬಂದ ಯೋಶಿಯೋಕಾ ಶಾಲೆಯ ಎಪ್ಪತ್ತು ಮಂದಿಯನ್ನು ಏಕಾಂಗಿಯಾಗಿ ಎದುರಿಸಿ ಗೆದ್ದು, ಆ ಗೆಲುವಿನ ಕೊನೆಯಲ್ಲಿ ಗಾಯಗೊಂಡ ಕಾಲನ್ನೂ ಬರಿದಾದ ಮನಸ್ಸನ್ನೂ ಮಾತ್ರ ಉಳಿಸಿಕೊಳ್ಳುತ್ತಾನೆ. ಮುಂದೆ ಅವನು ಹಸಿವಿನಿಂದ ನರಳುವ ಹಳ್ಳಿಯೊಂದರಲ್ಲಿ ನಿಂತು, ಬಂಜರು ನೆಲವನ್ನು ಅಗೆದು, ಬತ್ತ ಬೆಳೆಯಲು ಹೆಣಗುತ್ತಾನೆ. ಕತ್ತಿಗೆ ಬಗ್ಗಿದ ಲೋಕ ಮಣ್ಣಿನಲ್ಲಿ ಬಗ್ಗುವುದಿಲ್ಲ. ಮಳೆಯನ್ನೇ ನಂಬಿದ ಈ ನಾಲ್ಕು ತಾಲ್ಲೂಕುಗಳ ರೈತನು ಆ ಭಾಗವನ್ನು ಓದಿದರೆ ಯಾವ ವ್ಯಾಖ್ಯಾನವೂ ಇಲ್ಲದೆ ಅರ್ಥ ಮಾಡಿಕೊಂಡಾನು.

ಹಾಗೆಂದು ಜಪಾನಿನಿಂದ ಸಾಲ ತರಬೇಕಾದ ಅಗತ್ಯ ನಮಗಿಲ್ಲ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಕಾವ್ಯವನ್ನೇ ‘ಗದಾಯುದ್ಧ ನಾಟಕಂ’ ಆಗಿ ಹವಣಿಸಿದರು. ಸೊಫೊಕ್ಲೀಸನ ‘ಏಜಾಕ್ಸ್’ ಅನ್ನು ಮಾದರಿಯಾಗಿಟ್ಟುಕೊಂಡು ‘ಅಶ್ವತ್ಥಾಮನ್’ ರಚಿಸಿ, ಸೇಡಿನ ದಾರಿ ಹಿಡಿದವನ ಒಳಗಿನ ವಿನಾಶವನ್ನು ಚಿತ್ರಿಸಿದರು. ಇವು ಓದುವ ಕೊಠಡಿಗಳಲ್ಲಿ ಉಳಿದುವು, ಜಾತ್ರೆಯ ಚಪ್ಪರಕ್ಕೆ ಬರಲಿಲ್ಲ. ಹಳಗನ್ನಡ ಅಡ್ಡಿಯಾಯಿತೆಂಬುದು ಅರ್ಧ ಸತ್ಯ ಮಾತ್ರ. ಕುಮಾರವ್ಯಾಸನ ಷಟ್ಪದಿಯನ್ನು ಗಮಕಿಗಳ ಬಾಯಿಂದ ಇದೇ ಜನ ರಾತ್ರಿಗಟ್ಟಲೆ ಕೇಳಿದವರು.

ಆದುದರಿಂದ ಮೇಷ್ಟ್ರುಗಳಲ್ಲಿ ನನ್ನದೊಂದು ವಿಜ್ಞಾಪನೆ. ಹತ್ತು ಹಾಡುಗಳನ್ನು ಬಿಟ್ಟು ರನ್ನನ ಒಂದು ಸನ್ನಿವೇಶವನ್ನು ರಂಗಕ್ಕೆ ತನ್ನಿರಿ: ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಿರುವ ದುರ್ಯೋಧನನು ಅಭಿಮನ್ಯುವಿನ ಕಳೇಬರದ ಮುಂದೆ ನಿಲ್ಲುತ್ತಾನೆ. ದುರ್ಯೋಧನನ ಮಗನಾದ ಲಕ್ಷಣಕುಮಾರನನ್ನು ಕೊಂದ ಹುಡುಗ ಅವನು. ಅವನಿಗೆ ದುರ್ಯೋಧನನು ಕೈಮುಗಿದು, ಇಂಥ ಪರಾಕ್ರಮದ ಒಂದಂಶದೊಡನೆಯಾದರೂ ತನಗೆ ಮರಣ ಬರಲೆಂದು ಬೇಡುತ್ತಾನೆ. ಭೀಮನ ಗದೆಗಿಂತ ದೊಡ್ಡ ಬಲವೊಂದು ಅಲ್ಲಿ ಸಭೆಯ ಕಣ್ಣಿಗೆ ಬೀಳುವುದು. ಅದನ್ನು ನಡುರಾತ್ರಿ ಕಳೆಯುವ ಮುನ್ನ, ಹಾರ ಹಾಕುವವರನ್ನು ಕೆಳಗೆ ನಿಲ್ಲಿಸಿ, ಹಾರ್ಮೋನಿಯಂ ಮೌನವಾಗಿರುವಾಗ ಆಡಿಸಿರಿ.