ಎರಡು ಮನೆಗಳ ರಾವಣ

ಮಾದಾಪುರದ ನಮ್ಮ ಕನ್ನಡ ಮನೆಗಳಲ್ಲಿ ಬಹುಕಾಲದಿಂದ ಮುಗಿಯದ ಜಗಳ ಒಂದಿದೆ. ಅದು ನೀರಿನ ಟ್ಯಾಂಕರಿನದಲ್ಲ, ಬಾಡಿಗೆಯದೂ ಅಲ್ಲ; ರಾವಣನದು. ‘ಭೂಕೈಲಾಸ’ದ ರಾವಣ ಎಂದರೆ ರಾಜಕುಮಾರರೇ ಎಂದು ನಮ್ಮವರು ಹೇಳಿದರೆ, ಎದುರು ಫ್ಲ್ಯಾಟಿನ ತೆಲುಗು ಮಿತ್ರರು ರಾಮಾರಾಯರನ್ನು ಬಿಟ್ಟು ಮತ್ತೊಬ್ಬರನ್ನು ಆ ಪಾತ್ರದಲ್ಲಿ ಊಹಿಸಿಕೊಳ್ಳಲೂ ಒಪ್ಪುವುದಿಲ್ಲ. ಈಗೀಗ ಜಗಳ ಎದುರುಮನೆಗಷ್ಟೇ ಸೀಮಿತವಾಗಿಲ್ಲ. ಸೊಸೆಯೋ ಅಳಿಯನೋ ತೆಲುಗಿನವರಾಗಿರುವ ಸಂಸಾರಗಳು ನಮ್ಮಲ್ಲಿ ಸಾಕಷ್ಟಿವೆ. ಅಲ್ಲಿ ಅದು ಊಟದ ಮನೆಯನ್ನೂ ಹೊಕ್ಕಿದೆ. ಮಕ್ಕಳು ಎರಡೂ ಭಾಷೆಯ ಹಾಡುಗಳನ್ನು ಫೋನಿನಲ್ಲಿ ಕೇಳಿ, ‘ಇದರಲ್ಲಿ ಮೊದಲಿನದು ಯಾವುದು, ನಕಲು ಯಾವುದು?’ ಎಂದು ಪ್ರಶ್ನಿಸುತ್ತಾರೆ. ಹಿರಿಯರು ಕೊಡುವ ಉತ್ತರಕ್ಕೆ ಅವರವರ ತಾಯ್ನುಡಿ ಆಧಾರವೇ ಹೊರತು ಇತಿಹಾಸ ಆಧಾರವಲ್ಲ. ಆದ್ದರಿಂದ ಈ ಅಭಿಮಾನವನ್ನು ಸ್ವಲ್ಪ ವಿಮರ್ಶೆಯ ಕಣ್ಣಿನಿಂದ ನೋಡುವುದು ಅಗತ್ಯವೆಂದು ನಮಗೆ ತೋರಿದೆ.

ಸ್ಥೂಲ ಸಂಗತಿ ಬಹುಮಂದಿಗೆ ತಿಳಿದದ್ದೇ. 1958ರಲ್ಲಿ ಮದರಾಸಿನ ಎ.ವಿ.ಎಂ. ಸಂಸ್ಥೆ ‘ಭೂಕೈಲಾಸ’ವನ್ನು ಕನ್ನಡದಲ್ಲೂ ತೆಲುಗಿನಲ್ಲೂ ತೆರೆಗೆ ತಂದಿತು. ನಿರ್ದೇಶಕರು ಎರಡಕ್ಕೂ ಕೆ. ಶಂಕರ್, ಸಂಗೀತ ಎರಡಕ್ಕೂ ಆರ್. ಸುದರ್ಶನಂ ಮತ್ತು ಆರ್. ಗೋವರ್ಧನಂ. ಮಂಡೋದರಿಯಾಗಿ ಎರಡರಲ್ಲೂ ಜಮುನಾ, ಬಿ. ಸರೋಜಾದೇವಿಯವರೂ ಎರಡರಲ್ಲಿ ಇದ್ದಾರೆ. ಕನ್ನಡದಲ್ಲಿ ರಾಜಕುಮಾರರ ರಾವಣ, ಕಲ್ಯಾಣಕುಮಾರರ ನಾರದ. ತೆಲುಗಿನಲ್ಲಿ ಎನ್.ಟಿ. ರಾಮಾರಾಯರ ರಾವಣ, ಅಕ್ಕಿನೇನಿ ನಾಗೇಶ್ವರರಾಯರ ನಾರದ. ಅಂದಮೇಲೆ ಎರಡೂ ಒಂದೇ ಒಲೆಯ ಮೇಲೆ ಬೆಂದ ಅನ್ನ. ತೆಲುಗಿನವರು ತಮ್ಮ ಮನೆಮಗಳೆಂದು ಕರೆಯುವ ಜಮುನಾ ಹುಟ್ಟಿದ್ದು ನಮ್ಮ ಹಂಪೆಯಲ್ಲಿ, 2023ರಲ್ಲಿ ಕಣ್ಣು ಮುಚ್ಚಿದ್ದು ಇದೇ ಹೈದರಾಬಾದಿನಲ್ಲಿ ಎಂಬುದನ್ನು ಜಗಳವಾಡುವ ಎರಡೂ ಪಕ್ಷದವರು ನೆನಪಿಟ್ಟುಕೊಂಡರೆ ಒಳ್ಳೆಯದು.

ಆದರೆ ಕಥೆ 1958ರಲ್ಲಿ ಪ್ರಾರಂಭವಾಗಲಿಲ್ಲ. ‘ಭೂಕೈಲಾಸ’ ಮೂಲತಃ ಕಂಪನಿ ನಾಟಕ. ಎಂ.ವಿ. ಸುಬ್ಬಯ್ಯನಾಯ್ಡು ಮತ್ತು ಆರ್. ನಾಗೇಂದ್ರರಾಯರು ಕೂಡಿ ನಡೆಸಿದ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಅದನ್ನು ಆಡಿ ಹೆಸರು ಮಾಡಿತು. ಈ ಇಬ್ಬರ ಪರಿಚಯ ನಮ್ಮ ಮಕ್ಕಳಿಗೆ ಇಲ್ಲ. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿ ಸುಬ್ಬಯ್ಯನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ಸಂಗೀತವೂ ನಾಗೇಂದ್ರರಾಯರದೇ. ನಟ ಲೋಕೇಶ್ ಸುಬ್ಬಯ್ಯನಾಯ್ಡು ಅವರ ಮಗ, ಗೀತರಚನಕಾರ ಆರ್.ಎನ್. ಜಯಗೋಪಾಲ್ ನಾಗೇಂದ್ರರಾಯರ ಮಗ ಎಂದರೆ ಬಹುಶಃ ಗುರುತು ಹತ್ತೀತು.

ಈ ಕನ್ನಡ ನಾಟಕದ ಕೀರ್ತಿಯನ್ನು ಕಂಡು ಎ.ವಿ. ಮೇಯಪ್ಪನ್ ಅದನ್ನು 1940ರಲ್ಲಿಯೇ ಚಿತ್ರವಾಗಿಸಿದರು. ಯಾವ ಭಾಷೆಯಲ್ಲಿ ಎಂದು ಕೇಳಿದರೆ ನಮ್ಮ ಅಭಿಮಾನಿ ಬಂಧುಗಳು ಸ್ವಲ್ಪ ತಬ್ಬಿಬ್ಬಾಗುತ್ತಾರೆ. ತೆಲುಗಿನಲ್ಲಿ! ನಿರ್ದೇಶಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಸುಂದರರಾವ್ ನಾಡಕರ್ಣಿ. ರಾವಣನಾಗಿ ಸುಬ್ಬಯ್ಯನಾಯ್ಡು, ನಾರದನಾಗಿ ನಾಗೇಂದ್ರರಾಯರು. ಕನ್ನಡ ರಂಗಭೂಮಿಯ ನಟರು ತೆಲುಗಿನಲ್ಲಿ ಮಾತಾಡಿದರು, ಆಂಧ್ರದ ಜನ ಆದರದಿಂದ ನೋಡಿದರು. ಕನ್ನಡದ ನಾಟಕ ಮೊದಲು ತೆಲುಗು ಚಿತ್ರವಾಗಿ, ಹದಿನೆಂಟು ವರ್ಷಗಳ ಮೇಲೆ ಕನ್ನಡ ಚಿತ್ರವಾಗಿ ಮನೆಗೆ ಮರಳಿತು. ಮಕ್ಕಳ ಪ್ರಶ್ನೆಗೆ ಇದು ಉತ್ತರ. ಎರಡೂ ಪಕ್ಷಗಳಿಗೆ ಇದು ಅಷ್ಟೊಂದು ರುಚಿಸುವುದಿಲ್ಲ. ಆದರೆ ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಮಗುವಿಗೆ ಇದಕ್ಕಿಂತ ಹಿತವಾದ ಉತ್ತರ ನಮಗೆ ಗೊತ್ತಿಲ್ಲ.

ಇನ್ನು ನಾಟಕದ ಸತ್ತ್ವಕ್ಕೆ ಬರೋಣ. ಈ ರಾವಣ ಸೀತೆಯನ್ನು ಕದ್ದವನಲ್ಲ. ತಾಯಿ ಕೈಕಸಿಯ ಪೂಜೆಗೆ ಶಿವನ ಆತ್ಮಲಿಂಗವನ್ನೇ ತಂದುಕೊಡುತ್ತೇನೆಂದು ಹೊರಟ ಮಗ. ತಪಸ್ಸು ಫಲಿಸುವ ಗಳಿಗೆಯಲ್ಲಿ ದೇವತೆಗಳು ಅವನ ಬುದ್ಧಿಯನ್ನು ಕದಡುತ್ತಾರೆ. ಅವನು ಲಿಂಗವನ್ನು ಬಿಟ್ಟು ಪಾರ್ವತಿಯನ್ನು ಬೇಡುತ್ತಾನೆ. ದಾರಿಯಲ್ಲಿ ನಾರದ ಮತ್ತೆ ವಂಚಿಸುತ್ತಾನೆ. ಮೋಸ ತಿಳಿದ ಮೇಲೆ ಎರಡನೆಯ ಸಲ ತಪಸ್ಸು, ಆತ್ಮಲಿಂಗದ ಪ್ರಾಪ್ತಿ, ಕೊನೆಗೆ ಗೋಕರ್ಣದ ಕಡಲತೀರದಲ್ಲಿ ದನಕಾಯುವ ಹುಡುಗನ ವೇಷದ ಗಣಪತಿಯ ಕೈಯಲ್ಲಿ ಸೋಲು. ಉದ್ದಕ್ಕೂ ವಂಚಿಸುವವರು ದೇವರುಗಳು, ವಂಚನೆಗೊಳಗಾಗುವವನು ರಾಕ್ಷಸ. ಪ್ರೇಕ್ಷಕನ ಕರುಳು ರಾವಣನ ಕಡೆಗೇ ವಾಲುತ್ತದೆ. ನಾಟಕದ ಯಶಸ್ಸಿನ ಗುಟ್ಟು ಇದೇ ಎಂದು ನಮ್ಮ ಎಣಿಕೆ. ಊರು ಬಿಟ್ಟು ಬಂದು, ಹಿಂದೆ ಉಳಿದ ತಾಯಿಗೆ ಏನನ್ನೋ ತಂದುಕೊಡುತ್ತೇನೆಂದು ಮಾತು ಕೊಟ್ಟು, ನಡುದಾರಿಯಲ್ಲಿ ಬೇರೆಯದನ್ನೇ ಬೇಡಿಕೊಂಡ ಮಗನ ಕಥೆ ಸೈಬರ್ ಟವರ್ಸ್ ಸುತ್ತಮುತ್ತ ದುಡಿಯುವ ನಮ್ಮ ತರುಣರಿಗೆ ಅಪರಿಚಿತವೇನಲ್ಲ.

ರಾವಣನಾಗಿ ಯಾರು ಮೇಲು? ಕೇಳುವವರು ಬಿಡುವುದಿಲ್ಲವಾದ್ದರಿಂದ ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ. ತೆಲುಗಿನ ಪ್ರೇಕ್ಷಕ 1957ರ ‘ಮಾಯಾಬಜಾರ್’ನಲ್ಲಿ ರಾಮಾರಾಯರನ್ನು ಕೃಷ್ಣನಾಗಿ ಕಂಡಿದ್ದ. ಆ ಠೀವಿ, ಆ ನಗೆ ರಾವಣನಿಗೂ ಬಂದಿದೆ. ಅವರು ಮೊದಲು ದೊರೆ, ಆಮೇಲೆ ಭಕ್ತ. ಕನ್ನಡದ ಪ್ರೇಕ್ಷಕ 1954ರ ‘ಬೇಡರ ಕಣ್ಣಪ್ಪ’ನನ್ನು ಕಂಡಿದ್ದ, ಶಿವನಿಗೆ ಕಣ್ಣನ್ನೇ ಕಿತ್ತುಕೊಟ್ಟವನ ಮುಖ ಅದು. ಗುಬ್ಬಿ ಕಂಪನಿಯಲ್ಲಿ ಪಳಗಿದ ಆ ಮೈ, ದೇವರೆದುರು ಹೇಗೆ ಬಾಗಬೇಕೆಂಬುದನ್ನು ಬಲ್ಲದು. ರಾಜಕುಮಾರರ ರಾವಣ ಮೊದಲು ಭಕ್ತ, ಆಮೇಲೆ ದೊರೆ. ಲಂಕೆಯ ಆಸ್ಥಾನದಲ್ಲಿ ರಾಮಾರಾಯರು ಗೆಲ್ಲುತ್ತಾರೆ. ತಪಸ್ಸಿನ ಭಾಗದಲ್ಲಿ, ವಂಚನೆ ತಿಳಿದು ಕುಸಿಯುವಲ್ಲಿ ರಾಜಕುಮಾರರು ಗೆಲ್ಲುತ್ತಾರೆ. ನಾಟಕದ ಜೀವ ಎರಡನೆಯದರಲ್ಲಿದೆ ಎಂದು ನಾವು ನಂಬಿರುವುದರಿಂದ ನಮ್ಮ ಮತ ಎತ್ತ ಎಂದು ಬೇರೆ ಹೇಳಬೇಕಾಗಿಲ್ಲ. ಎಸ್.ವಿ. ರಂಗರಾಯರ ಮಯಾಸುರ ಮಾತ್ರ ತೆಲುಗಿನವರ ಪಾಲಿಗೆ ಹೆಚ್ಚಿನ ಸಂಪತ್ತು. ಅದಕ್ಕೆ ನಮ್ಮಲ್ಲಿ ಜೋಡಿ ಇಲ್ಲ. ಮಂಡೋದರಿಯ ಪ್ರಣಯದ ಭಾಗ ಎರಡೂ ಚಿತ್ರಗಳಲ್ಲಿ ಅಗತ್ಯಕ್ಕಿಂತ ಹಿಗ್ಗಿದೆ.

ಆದರೆ ಅಭಿಮಾನಿಗಳು ನಿಜವಾಗಿ ಮರಳಿ ಮರಳಿ ಹೋಗುವುದು ರಾವಣನ ಬಳಿಗಲ್ಲ, ನಾರದನ ಬಳಿಗೆ. ಮುಂದೆ ನಡೆಯಲಿರುವ ರಾಮಾಯಣವನ್ನೆಲ್ಲ ನಾರದ ಮುಂಚಿತವಾಗಿ ಹಾಡಿಬಿಡುವ ಆ ಹಾಡು ಕನ್ನಡಿಗರ ಮನೆಗಳಲ್ಲಿ ಇಂದಿಗೂ ರಾಮನವಮಿಯ ದಿನ ಕೇಳಿಬರುತ್ತದೆ. ಅದು ಚಿತ್ರದ ಹಾಡೆಂಬುದೂ ಎಷ್ಟೋ ಜನಕ್ಕೆ ಮರೆತುಹೋಗಿದೆ. ಕನ್ನಡದಲ್ಲಿ ಅದನ್ನು ಹಾಡಿದವರು ಶೀರ್ಕಾಳಿ ಗೋವಿಂದರಾಜನ್, ತಮಿಳುನಾಡಿನವರು, ತೆಲುಗಿನಲ್ಲಿ ಘಂಟಸಾಲ. ನಮ್ಮ ಕನ್ನಡತನದ ಹೆಗ್ಗುರುತೆಂದು ನಾವು ಎತ್ತಿ ಹಿಡಿಯುವ ಹಾಡಿನ ಕಂಠ ತಮಿಳರದು, ರಾಗ ಹಾಕಿದವರೂ ಮದರಾಸಿನವರು. ಕು.ರಾ. ಸೀತಾರಾಮಶಾಸ್ತ್ರಿಗಳು ಬರೆದ ಮಾತುಗಳು ಮಾತ್ರ ಅಚ್ಚ ಕನ್ನಡದವು. ಅವು ನಾಲಗೆಯ ಮೇಲೆ ಎಷ್ಟು ಸಲೀಸಾಗಿ ಕೂತಿವೆಯೆಂದರೆ ಉಳಿದದ್ದನ್ನು ಯಾರೂ ಕೇಳುವುದೇ ಇಲ್ಲ.

ಇಲ್ಲಿ ಒಂದು ನಷ್ಟದ ಮಾತನ್ನೂ ಆಡಬೇಕು. ಕಂಪನಿ ನಾಟಕದಲ್ಲಿ ನಟನೇ ಗಾಯಕ. ಅಭಿನಯಿಸುವ ಮೈ ಬೇರೆ, ಹಾಡುವ ಕೊರಳು ಬೇರೆ ಎಂಬ ವ್ಯವಸ್ಥೆ ಅಲ್ಲಿ ಇರಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಟ್ಟರೆ ರಾವಣನ ದುಃಖ ರಾವಣನ ಗಂಟಲಿನಿಂದಲೇ ಬರುತ್ತಿತ್ತು. ಜನಕ್ಕೆ ಹಿಡಿಸಿದರೆ ‘ಒನ್ಸ್ ಮೋರ್’ ಕೂಗು. ಸತ್ತುಬಿದ್ದ ಪಾತ್ರಧಾರಿಯೂ ಎದ್ದು ಹಾಡಿ ಮತ್ತೆ ಸಾಯುತ್ತಿದ್ದನೆಂದು ಹಿರಿಯರು ನಗುತ್ತಾ ಹೇಳುವುದುಂಟು. ನಗೆಯ ವಿಷಯ ಹೌದು. ಆದರೆ ಎರಡನೆಯ ಸಲ ಹಾಡುವಾಗ ನಟ ಹೊಸದೊಂದು ಸಂಗತಿಯನ್ನು ಹಾಕುತ್ತಿದ್ದ, ಎದುರಿಗೆ ಕೂತವರ ಮುಖ ನೋಡಿ ಸ್ವರವನ್ನು ಹಿಗ್ಗಿಸುತ್ತಿದ್ದ. ಸಿನಿಮಾ ಬಂದ ಮೇಲೆ ಆ ಕೂಗಿಗೆ ಓಗೊಡುವವರಿಲ್ಲ. ಅದಕ್ಕೇ ಅಭಿಮಾನಿ ಅದೇ ಚಿತ್ರವನ್ನು ಹತ್ತು ಸಲ ನೋಡಿದ, ಈಗ ಅದೇ ಹಾಡನ್ನು ಫೋನಿನಲ್ಲಿ ನೂರು ಸಲ ಒತ್ತುತ್ತಾನೆ. ಇದೂ ‘ಒನ್ಸ್ ಮೋರ್’ ಕೂಗೇ. ಪ್ರತಿಸಲವೂ ಬರುವ ಉತ್ತರ ಮಾತ್ರ ಒಂದೇ.

ವೇದಿಕೆಯ ಮೇಲೆ ಹಾಡಿಕೊಂಡೇ ಅಭಿನಯಿಸಬಲ್ಲವರಾಗಿದ್ದ ರಾಜಕುಮಾರರೂ ಈ ಚಿತ್ರದಲ್ಲಿ ಬೇರೆಯವರ ಕಂಠಕ್ಕೆ ತುಟಿ ಆಡಿಸಿದ್ದಾರೆ. ಅವರ ಸ್ವಂತ ಕಂಠಕ್ಕೆ ಚಿತ್ರಗಳಲ್ಲಿ ಸರಿಯಾದ ಜಾಗ ಸಿಕ್ಕಿದ್ದು 1974ರ ‘ಸಂಪತ್ತಿಗೆ ಸವಾಲ್’ನಿಂದೀಚೆಗೆ. 1977ರ ‘ಬಬ್ರುವಾಹನ’ದಲ್ಲಿ ತಂದೆಮಕ್ಕಳ ವಾಗ್ವಾದವೇ ಹಾಡಾಗಿ ಬಂದಾಗ ಚಿತ್ರಮಂದಿರಗಳು ಕುಣಿದಾಡಿದ್ದು ಏಕೆ? ಇಬ್ಬರ ಪಾತ್ರವೂ ಅವರದೇ. ಒಂದು ಕಂಠ ಅವರದು, ಮತ್ತೊಂದು ಪಿ.ಬಿ. ಶ್ರೀನಿವಾಸರದು. ಮಾತಿಗೆ ಮಾತು, ಪದಕ್ಕೆ ಪದ ಎಸೆಯುವ ಕಂಪನಿ ನಾಟಕದ ಪಟ್ಟು ಅದು. ಜನ ಅದನ್ನು ಗುರುತಿಸಿದರು, ಹೆಸರು ಗೊತ್ತಿಲ್ಲದಿದ್ದರೂ.

ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಏನಾಗುತ್ತಿದೆ ನೋಡಿ. ಮೊದಲೇ ಮುದ್ರಿಸಿದ ವಾದ್ಯಮೇಳವನ್ನು ಯಂತ್ರದಲ್ಲಿ ಹಾಕಿ, ಅದರ ಅಳತೆಗೆ ತಕ್ಕಂತೆ ನಾರದನ ಹಾಡನ್ನು ಹಾಡುತ್ತೇವೆ. ಹಾಡುಗಾರರಿಗೆ ಒಂದು ಉಸಿರು ಹೆಚ್ಚು ನಿಲ್ಲುವ ಸ್ವಾತಂತ್ರ್ಯವಿಲ್ಲ. ಚಪ್ಪಾಳೆಗೇನೂ ಕೊರತೆಯಿಲ್ಲ. ಆದರೆ ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಲ್ಲಿ ರೈತರು, ಮೇಷ್ಟ್ರುಗಳು ಸೇರಿ ಪೌರಾಣಿಕ ನಾಟಕ ಕಟ್ಟಿ ರಾತ್ರಿಯಿಡೀ ಸ್ವಂತ ಗಂಟಲಿನಲ್ಲಿ ಹಾಡುತ್ತಾರಲ್ಲ, ಆ ಊರುಗಳಿಂದ ಬಂದವರೇ ನಮ್ಮಲ್ಲಿ ಎಷ್ಟೋ ಜನ. ಅಷ್ಟು ದೂರವೂ ಹೋಗಬೇಕಿಲ್ಲ. ಮಾದಾಪುರದಿಂದ ಕೆಲವೇ ಮೈಲಿಗಳಾಚೆ ಶೇರಿಲಿಂಗಂಪಲ್ಲಿಯಲ್ಲಿ ಸುರಭಿ ನಾಟಕ ಕುಟುಂಬಗಳ ಕಾಲೋನಿ ಇದೆ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಸುರಭಿ 1885ರಲ್ಲಿ. ಹೆಚ್ಚು ಕಡಿಮೆ ಅವಳಿಜವಳಿ. ಸುರಭಿಯವರ ‘ಮಾಯಾಬಜಾರ್’ ನಾಟಕದಲ್ಲಿ ತಾತನಿಂದ ಮೊಮ್ಮಗುವಿನವರೆಗೆ ಒಂದೇ ಮನೆತನದವರು ಬಣ್ಣ ಹಚ್ಚುತ್ತಾರೆ. ತೆಲುಗು ನಾಟಕ ನಮಗೇಕೆ ಎಂದು ಮೂಗು ಮುರಿಯುವವರು, ಕನ್ನಡ ‘ಭೂಕೈಲಾಸ’ ಮೊದಲು ಯಾವ ಭಾಷೆಯ ತೆರೆಯ ಮೇಲೆ ಬೆಳಗಿತೆಂಬುದನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಈ ನಗರದ ಹಳೆಯ ಕನ್ನಡಿಗರಿಗೆ ಇಷ್ಟೆಲ್ಲ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರಗಳಿಗೆ ಹೈದರಾಬಾದೇ ರಾಜಧಾನಿ. ಎರಡು ಭಾಷೆಯ ನಾಟಕವನ್ನೂ ತನ್ನದೆಂದುಕೊಳ್ಳುವುದು ಅವರಿಗೆ ಸಹಜವಾಗಿತ್ತು. ತೊಂದರೆ ಇರುವುದು ಆಮೇಲೆ ಬಂದ ನಮ್ಮಂಥವರಿಗೆ.

ಎರಡು ಚಿತ್ರಗಳನ್ನೂ ನೋಡಬಯಸುವ ಕುಟುಂಬಗಳು ಒಂದೇ ವಾರದ ಎರಡು ರಾತ್ರಿ ನೋಡುವುದು ಒಳ್ಳೆಯದು. ಮೊದಲು ತೆಲುಗು, ಮರುದಿನ ಕನ್ನಡ. ಕಥೆ ಗೊತ್ತಾಗಿರುತ್ತದೆಯಾದ್ದರಿಂದ ಎರಡನೆಯ ರಾತ್ರಿ ಮಕ್ಕಳ ಗಮನ ನಟರ ಕಡೆಗೆ, ಹಾಡಿನ ಕಡೆಗೆ ಹೋಗುತ್ತದೆ. ಎರಡನೆಯ ತಪಸ್ಸಿನ ಹಾಡು ಬಂದಾಗ ಒಂದು ಸಲ ಕಣ್ಣು ಮುಚ್ಚಿ ಕೇಳಲಿ, ಒಂದು ಸಲ ಧ್ವನಿ ನಿಲ್ಲಿಸಿ ಮುಖವನ್ನಷ್ಟೇ ನೋಡಲಿ. ಸುಬ್ಬಯ್ಯನಾಯ್ಡು ಅವರು ಆ ಎರಡು ಕೆಲಸವನ್ನೂ ಒಬ್ಬರೇ ಮಾಡುತ್ತಿದ್ದರೆಂದು ಆಗ ಹೇಳಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಬರುವ ರಾಜ್ಯೋತ್ಸವಕ್ಕೆ ಯಂತ್ರವನ್ನು ಬದಿಗಿಟ್ಟು, ಒಂದು ಹಾರ್ಮೋನಿಯಂ, ಒಂದು ತಬಲ ಇಟ್ಟುಕೊಂಡು ನಾರದನ ಹಾಡನ್ನು ಒಬ್ಬರು ಕನ್ನಡದಲ್ಲಿ, ಒಬ್ಬರು ತೆಲುಗಿನಲ್ಲಿ ಹಾಡಲು ಮುಂದೆ ಬಂದರೆ, ‘ಒನ್ಸ್ ಮೋರ್’ ಎಂದು ಕೂಗುವವರಲ್ಲಿ ನಾವು ಮೊದಲಿಗರಾಗಿರುತ್ತೇವೆ.