ಠದೊಳಗಿನ ಚುಕ್ಕೆ: ಕೌಲ್ ಬಜಾರಿನ ದಪ್ಪಕ್ಷರಗಳ ಬಗ್ಗೆ ಒಂದು ತಕರಾರು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಂದು ಫ್ಲೆಕ್ಸ್ ಓದಿ ನಿಂತುಬಿಟ್ಟೆ. ‘ಮನೆಪಾರ’ ಅಂತಿತ್ತು. ರಸ್ತೆ ದಾಟಿ ಹೋಗಿ ನೋಡಿದರೆ ‘ಮನೆಪಾಠ’! ಗೆರೆ ದಪ್ಪವಾಗಿ ಠದೊಳಗಿನ ಜಾಗ ಕುಗ್ಗಿ, ಚುಕ್ಕೆ ಸಾಸಿವೆ ಕಾಳಿನಷ್ಟಾಗಿತ್ತು. ಅಕ್ಷರ ಕಲಿಯೋಕೆ ಬರುವ ಮಗು ಮೊದಲು ಓದೋದು ಆ ಬೋರ್ಡನ್ನೇ.

ಶಾಸನ ಓದುವ ನಮಗೆ ಇದು ಸಣ್ಣ ವಿಷಯವಲ್ಲ. ಅಚ್ಚುಪ್ರತಿ ಹರಡಿಕೊಂಡು, ಇದು ಚುಕ್ಕೆಯೋ ಕಲ್ಲಿನ ಗುಳಿಯೋ ಅಂತ ಗಂಟೆಗಟ್ಟಲೆ ವಾದಿಸುವವರು ನಾವು. ಕಲ್ಲಿನಲ್ಲಿ ಮಳೆ-ಬಿಸಿಲು ಮಾಡುವ ಕೆಲಸವನ್ನು ಇಲ್ಲಿ ವಿನ್ಯಾಸವೇ ಮಾಡಿಬಿಟ್ಟಿದೆ.

ಹಾಗಂತ, ಉರುಟಾದ, ಒಂದೇ ದಪ್ಪದ ಜ್ಯಾಮಿತೀಯ ಅಕ್ಷರ ಪರದೇಶದ್ದು, ನಮ್ಮದಲ್ಲ ಎನ್ನುವ ಮಾತನ್ನು ನಾನು ಒಪ್ಪೋದಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಿಗೆ ಹೋಗಿ ನೋಡ್ರಿ. ಅಶೋಕನ ಹೆಸರೇ ಇರುವ ಆ ಬಂಡೆಶಾಸನಗಳು ಕ್ರಿ.ಪೂ. 3ನೇ ಶತಮಾನದವು. ಅಶೋಕನ ಬ್ರಾಹ್ಮಿಯಲ್ಲಿ ಕ ಅಂದರೆ ಕೂಡು ಗುರುತು, ಠ ಬರೀ ವೃತ್ತ, ಥ ಚುಕ್ಕೆಯಿಟ್ಟ ವೃತ್ತ, ರ ಒಂದು ನಿಂತ ಗೆರೆ. ಇದಕ್ಕಿಂತ ಜ್ಯಾಮಿತೀಯವಾದದ್ದು ಇನ್ನೇನು ಬೇಕು?

ಆದರೆ ಅಲ್ಲಿ ರ ಗೆರೆ, ಠ ವೃತ್ತ, ಗೊಂದಲವಿಲ್ಲ. ಶತಮಾನಗಳು ಕಳೆದಂತೆ ರ ಕೂಡ ದುಂಡಗಾಯಿತು. ಇವತ್ತಿನ ಲೆಕ್ಕ ಹೀಗಿದೆ: ಬರೀ ಉಂಗುರ ಸೊನ್ನೆ, ಅದಕ್ಕೆ ತಲೆಕಟ್ಟು ಕೊಟ್ಟರೆ ರ, ಒಳಗೆ ಚುಕ್ಕೆಯಿಟ್ಟರೆ ಠ. ಅಂದಮೇಲೆ ತಲೆಕಟ್ಟು ಇಂಗ್ಲಿಷಿನ ಸೆರಿಫ್‌ನಂತೆ ಅಲಂಕಾರವಲ್ಲ, ಚುಕ್ಕೆಯೂ ಅಲ್ಲ. ಎರಡೂ ಅಕ್ಷರದ ಜೀವ. ದ, ಧ, ಥಗಳಲ್ಲೂ ಇದೇ ಕತೆ.

ಈ ಕಣ್ಣಿನಿಂದ ಮುಂಬೈನ ಏಕ್ ಟೈಪ್ ತಂಡದ ‘ಬಾಲೂ ತಮ್ಮ’ವನ್ನು ನೋಡಬೇಕು. ದಪ್ಪನೆಯ, ಮೃದು ಅಂಚಿನ, ಮುಕ್ತ ಪರವಾನಗಿಯ ಫಾಂಟ್ ಇದು. ಇದರ ಒಡಹುಟ್ಟುಗಳು ತೆಲುಗಿನ ‘ತಮ್ಮುಡು’, ಉರ್ದುವಿನ ‘ಭಾಯಿಜಾನ್’. ಕನ್ನಡ, ತೆಲುಗು, ಉರ್ದು ಒಟ್ಟಿಗೆ ಕಿವಿಗೆ ಬೀಳುವ ಬಳ್ಳಾರಿಯಂಥ ಊರಿಗೆ ಹೇಳಿ ಮಾಡಿಸಿದ ಜೋಡಿ. ತಲೆಕಟ್ಟನ್ನು ಇದು ಬಿಟ್ಟಿಲ್ಲ. ಅಕ್ಷರದಷ್ಟೇ ಗಟ್ಟಿಯಾಗಿ ಕೂರಿಸಿದೆ. ಮೊದಲ ಆವೃತ್ತಿಗೆ ಇದ್ದದ್ದು ಒಂದೇ ತೂಕ. ‘ಬಾಲೂ ತಮ್ಮ 2’ರಲ್ಲಿ 400ರಿಂದ 800ರವರೆಗೆ ಐದು ತೂಕಗಳಿವೆ. ನನ್ನ ದೃಷ್ಟಿಯಲ್ಲಿ ಆ ಐದು ತೂಕಗಳೇ ಇದರ ದೊಡ್ಡ ಗುಣ.

ಯಾಕಂದ್ರೆ 800ರ ತೂಕ ಅಂಗಡಿಯ ಹೆಸರಿನ ಎರಡು ಪದಕ್ಕೆ ಸರಿ. ಕೆಳಗಿನ ಸಣ್ಣ ಸಾಲುಗಳಿಗೂ ಅದನ್ನೇ ಬಡಿದರೆ ಠ ಉಳಿಯೋದಿಲ್ಲ, ಒತ್ತಕ್ಷರಗಳೂ ಮುದ್ದೆಯಾಗುತ್ತವೆ. ಅಲ್ಲಿ 500 ಸಾಕು. ನಮ್ಮಲ್ಲಿ ದಪ್ಪವನ್ನು ಗೆರೆಯಿಂದ ಅಳೆಯುತ್ತಾರೆ. ಅಳೆಯಬೇಕಾದದ್ದು ಒಳಗೆ ಉಳಿದ ಖಾಲಿ ಜಾಗವನ್ನು. ಕಲ್ಲುಕುಟಿಗನಿಗೆ ಇದು ಗೊತ್ತಿತ್ತು. ಒಳಜಾಗ ಕಿರಿದಾದರೆ ಉಳಿ ತಾಗಿ ಚಕ್ಕೆಯೇ ಹಾರಿಹೋಗುತ್ತದೆ.

ಆದ್ದರಿಂದ ದಪ್ಪ ಕನ್ನಡ ಫಾಂಟ್ ಯಾವುದೇ ಬರಲಿ, ನನ್ನ ಪರೀಕ್ಷೆ ಒಂದೇ. ಬೋರ್ಡಿನ ಅಳತೆಯಲ್ಲೇ ‘ಪಾಠ’ ಅಂತ ಬರೆದು ರಸ್ತೆಯ ಆಚೆ ನಿಂತು ಓದೋದು. ‘ಪಾರ’ ಅಂತ ಕಂಡರೆ ತೂಕ ಒಂದು ಮೆಟ್ಟಿಲು ಇಳಿಸಬೇಕು. ಶಾಸನಪಾಠ ತಪ್ಪಾದರೆ ಮರುಪರಿಶೀಲನೆ ಮಾಡುವವರು ನಾವಿದ್ದೇವೆ. ಬಜಾರಿನ ಬೋರ್ಡಿಗೆ ಆ ಭಾಗ್ಯವಿಲ್ಲ.