ಆಕಾಶ ಬಿಟ್ಟ ಮರಗಳು

ಈ ವಾರ ಇಂಗ್ಲಿಷ್ ಚಿತ್ರಕಾರ ಕಾನ್‌ಸ್ಟೆಬಲ್‌ನ ಮೋಡಗಳ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬರೆಯಲು ಕೂತರೆ ಮೋಡ ಬರಲಿಲ್ಲ, ಕಾನ್‌ಸ್ಟೆಬಲ್‌ನ ಹೊಟ್ಟೆಕಿಚ್ಚು ನೆನಪಾಯಿತು. ಇಂಗ್ಲೆಂಡಿನ ಕ್ಲಾಡ್ ಲೊರೇನ್ ಎಂದು, ಅಂದರೆ ಆ ಹಳೆಯ ಭೂದೃಶ್ಯ ಚಿತ್ರಕಾರನ ಸಾಟಿಯೆಂದು, ಹೊಗಳಿಸಿಕೊಳ್ಳುತ್ತಿದ್ದ ಜಾನ್ ಗ್ಲೋವರ್‌ನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮೋಡ ಕಾಯಲಿ.

ಈ ಗ್ಲೋವರ್ ಭಾರಿ ಮೈಯವನು, ಹುಟ್ಟಿನಿಂದಲೇ ಪಾದ ಸೊಟ್ಟ. ಅಂಥವನು ಅರವತ್ತು ದಾಟಿದ ಮೇಲೆ ಹಡಗು ಹತ್ತಿ 1831ರಲ್ಲಿ ವ್ಯಾನ್ ಡೀಮನ್ಸ್ ಲ್ಯಾಂಡ್‌ಗೆ, ಅಂದರೆ ಈಗಿನ ಟಾಸ್ಮೇನಿಯಾಕ್ಕೆ, ಬಂದ. ಮಿಲ್ಸ್ ಪ್ಲೇನ್ಸ್‌ನಲ್ಲಿ ಜಮೀನು ಹಿಡಿದ. ಇಂಗ್ಲೆಂಡಿನ ಸರೋವರ ಸೀಮೆಯ ಪ್ಯಾಟರ್‌ಡೇಲ್ ಹೆಸರನ್ನೇ ಅದಕ್ಕೆ ಇಟ್ಟು ಮನೆ ಕಟ್ಟಿದ, ತೋಟ ಹಾಕಿದ. 1835ರಲ್ಲಿ ಅದನ್ನೇ ಚಿತ್ರ ಬರೆದ. ಅಡಿಲೇಡ್‌ನ ಆರ್ಟ್ ಗ್ಯಾಲರಿ ಆಫ್ ಸೌತ್ ಆಸ್ಟ್ರೇಲಿಯಾದಲ್ಲಿದೆ ಅದು.

ಮುಂದೆ ಗುಲಾಬಿ, ಜೆರೇನಿಯಂ. ತೋಟ ಇನ್ನೂ ಎಳೆಯದು, ಗಿಡಗಳು ಒಂದಕ್ಕೊಂದು ಹೆಣೆದುಕೊಂಡಿಲ್ಲ. ಗ್ರೂಪ್ ಫೋಟೊಗೆ ನಿಲ್ಲಿಸಿದ ಮಕ್ಕಳಂತೆ ಬಿಡಿಬಿಡಿಯಾಗಿ ನಿಂತಿವೆ. ಎಲ್ಲರೂ ಮೆಚ್ಚುವುದು ಇದನ್ನೇ. ನನ್ನ ಕಣ್ಣು ಹೋಗುವುದು ಮನೆಯ ಹಿಂದಿನ ಗುಡ್ಡಕ್ಕೆ. ಅಲ್ಲಿರುವ ಮರಗಳು ನಮ್ಮ ನೀಲಗಿರಿಯ ದಾಯಾದಿಗಳು. (ಊಟಿಯ ನೀಲಗಿರಿಗೂ ಟಾಸ್ಮೇನಿಯಾ ತವರೇ.) ಈ ಜಾತಿಯ ಬೆಳೆದ ಮರದಲ್ಲಿ ಎಲೆ ಅಡ್ಡಡ್ಡ ಹರಡುವುದಿಲ್ಲ, ಜೋತುಬೀಳುತ್ತದೆ. ಬಿಸಿಲು ಸಂದಿಯಲ್ಲಿ ಸೋರುತ್ತದೆ, ನೆರಳು ಜಾಳುಜಾಳು. ಇಲ್ಲಿ ಮರ ಎಷ್ಟಿದ್ದರೂ ಅದರೊಳಗಿಂದ ದೂರದವರೆಗೆ ನೋಟ ಹಾಯುತ್ತದೆ ಎಂದು ಗ್ಲೋವರ್ ಅಚ್ಚರಿಪಟ್ಟು ಬರೆದಿಟ್ಟಿದ್ದಾನೆ. ಕುಂಚವೂ ಅದನ್ನೇ ಹೇಳುತ್ತದೆ: ಸೊಪ್ಪು ಒಂದಿಷ್ಟು, ಆಮೇಲೆ ಖಾಲಿ, ಮತ್ತೆ ಒಂದಿಷ್ಟು.

ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಮರವೆಂದರೆ ಹೂಕೋಸು. ಎಲೆಗಳ ನಡುವೆ ಆಕಾಶ ಬಿಟ್ಟಿದ್ದಕ್ಕೆ ನನಗೆ ಅಂಕ ಕಳೆದಿದ್ದರು. ಈಗ ಹೇಳುತ್ತೇನೆ: ನಾನೇ ಸರಿ!

ಇನ್ನು ಆಸ್ಟ್ರೇಲಿಯಾದ ಚಿತ್ರಕಾರರ ಹೈಡಲ್‌ಬರ್ಗ್ ಪಂಥದ ಭಕ್ತರು. ಆ ಪಂಥದ ರಾಬರ್ಟ್ಸ್, ಸ್ಟ್ರೀಟನ್ ಬರುವವರೆಗೆ, ಅಂದರೆ 1880ರ ದಶಕದವರೆಗೆ, ಆಸ್ಟ್ರೇಲಿಯಾದ ಮರವನ್ನು ಯಾರೂ ಕಂಡೇ ಇರಲಿಲ್ಲ, ಎಲ್ಲರೂ ಅದನ್ನು ಓಕ್ ಮಾಡಿಬಿಟ್ಟಿದ್ದರು ಎಂಬುದು ಇವರ ಹಳೇ ರಾಗ. ಸ್ಟ್ರೀಟನ್‌ನ ಬೆಳಕಿಗೆ ನಾನೂ ಸೋತವನೇ. ಆದರೆ ಅವನು ಹುಟ್ಟುವ ಮೂವತ್ತು ವರ್ಷ ಮೊದಲೇ, ಇಂಗ್ಲೆಂಡಿನ ಗುಲಾಬಿ ನೆಟ್ಟುಕೊಂಡ ಮುದುಕನೊಬ್ಬ ಗುಡ್ಡದ ಮರವನ್ನು ಓಕ್ ಮಾಡದೆ ಬಿಟ್ಟಿದ್ದ.

ಕಾಣದೇ ಹೋದದ್ದು ಬೇರೆಯೇ ಇದೆ. ಈ ತೋಟದ ಹೊತ್ತಿಗೆ ಆ ನಾಡಿನ ಮೂಲನಿವಾಸಿಗಳಲ್ಲಿ ಬಿಳಿಯ ವಲಸಿಗರೊಂದಿಗಿನ ಯುದ್ಧದಲ್ಲಿ ಬದುಕುಳಿದ ಹೆಚ್ಚಿನವರನ್ನು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿಯಾಗಿತ್ತು. ಗ್ಲೋವರ್‌ನ ಬೇರೆ ಚಿತ್ರಗಳಲ್ಲಿ ಅವರು ಬೆಂಕಿಯ ಸುತ್ತ ಕುಣಿಯುತ್ತಾರೆ. 1838ರ ಊಸ್ ನದಿಯ ಚಿತ್ರದಲ್ಲಿ ನೀರಾಟದಲ್ಲಿದ್ದಾರೆ. ಈ ನದಿಯ ಚಿತ್ರ ಅವರನ್ನು ಸಾಗಿಸಿದ ಮೇಲೆ ಬರೆದದ್ದು. ಮನೆಯ ಹಿಂದಿನ ಈ ಗುಡ್ಡದಲ್ಲಿ, ಅಷ್ಟು ದೂರ ಕಣ್ಣು ಹಾಯುವ ಮರಗಳ ನಡುವೆ, ಒಬ್ಬರೂ ಇಲ್ಲ.